ಮಳೆಗೆ ದನಿ ಎಲ್ಲಿಂದ ಬರುತ್ತದೆ?

ಹೋದ ಸಲ ಈ ಅಂಕಣದಲ್ಲಿ ಒಂದು ಮಾತು ಕೇಳಿದ್ದೆ. ನಿಮ್ಮ ಮನೆಯಲ್ಲಿ ಮಳೆ ಹೇಗೆ ಸದ್ದು ಮಾಡುತ್ತದೆ, ಆ ಸದ್ದಿಗೆ ನೀವು ಏನಂತೀರಿ, ಬರೆದು ಕಳಿಸಿ ಅಂತ. ಇಷ್ಟು ಕಾಗದ ಬರುತ್ತವೆ ಅಂದುಕೊಂಡಿರಲಿಲ್ಲ. ಮುಲುಂಡ್, ವಾಶಿ, ಮಾಟುಂಗಾ, ಪುಣೆ, ಎಲ್ಲ ಕಡೆಯಿಂದ ಬಂದಿವೆ. ಎಲ್ಲಕ್ಕೂ ಇಲ್ಲಿ ಜಾಗ ಇಲ್ಲ. ಏಳನ್ನು ಆರಿಸಿಕೊಂಡಿದ್ದೇನೆ. ಇದನ್ನು ಬರೆಯುತ್ತಿರುವಾಗ ಮುಂಬೈ ಪಕ್ಕದ ನಮ್ಮ ಡೊಂಬಿವಲಿಯಲ್ಲಿ ಆರಿದ್ರೆ ಮಳೆ ಹಿಡಿದಿದೆ. ಅಡುಗೆಮನೆ ಕಿಟಕಿಯ ಗಾಜು ಬೆಳಗಿನಿಂದ ಮಸುಕಾಗಿದೆ.

ಪ್ರಶ್ನೆ: ನನ್ನ ಮಗಳಿಗೆ ಎಂಟು ವರ್ಷ. ಭಾನುವಾರದ ಕನ್ನಡ ತರಗತಿಗೆ ಹೋಗುತ್ತಾಳೆ. ಮಳೆಗಾಲದ ಬಗ್ಗೆ ಐದು ವಾಕ್ಯ ಬರೆಯಲು ಹೇಳಿದ್ದರು. "ಮಳೆ ಟಣಟಣ ಎಂದು ಬೀಳುತ್ತದೆ" ಅಂತ ಬರೆದಳು. ಟೀಚರ್ ಅದನ್ನು ಹೊಡೆದುಹಾಕಿ "ಪಟಪಟ" ಅಂತ ತಿದ್ದಿದ್ದಾರೆ. ಮಗಳು ಅತ್ತಳು. ಟಣಟಣ ಅಂದರೆ ಗಂಟೆಯ ಸದ್ದು ಅಲ್ವಾ? ಯಾರು ಸರಿ? (ಮುಲುಂಡ್‌ನ ತಾಯಿಯೊಬ್ಬರು)

ಉತ್ತರ: ನಿಮ್ಮ ಮಗಳು ಸರಿ. ಮೊದಲು ಅವಳಿಗೆ ಈ ಮಾತು ಓದಿ ಹೇಳಿ. ಉಳಿದದ್ದು ಆಮೇಲೆ.

ನಿಮ್ಮ ಕಿಟಕಿಗೆ ಹೊರಗಡೆ ಗ್ರಿಲ್ ಇದೆಯಾ? ಅದರ ಮೇಲೆ ತಗಡು ಹೊದಿಸಿದ್ದೀರಾ? ಇದ್ದೇ ಇರಬೇಕು ಅಂತ ನನ್ನ ಊಹೆ. ಮೇಲಿನ ಮನೆಯ ಛಜ್ಜಾದಿಂದ ದಪ್ಪ ಹನಿ ಆ ತಗಡಿನ ಮೇಲೆ ಬಿದ್ದರೆ ಟಣ್ ಅಂತಲೇ ಕೇಳುತ್ತದೆ. ಪಟ್ ಅಂತ ಕೇಳುವುದಿಲ್ಲ. ಮಗು ತನ್ನ ಕಿವಿಗೆ ಬಿದ್ದದ್ದನ್ನು ಬರೆದಿದೆ. ಟೀಚರ್ ಪಾಠದಲ್ಲಿ ಇದ್ದದ್ದನ್ನು ಬರೆದಿದ್ದಾರೆ.

ಇಷ್ಟು ವರ್ಷ ಕೇಳಿ ಕೇಳಿ ನನಗೆ ಗೊತ್ತಾದ ಸಂಗತಿ ಇದು: ಮಳೆಗೆ ತನ್ನದು ಅಂತ ದನಿ ಇಲ್ಲ. ಹನಿ ಗಾಳಿಯಲ್ಲಿ ಇಳಿಯುವಾಗ ಹೆಚ್ಚುಕಮ್ಮಿ ಮೂಕ. ಯಾವುದಕ್ಕಾದರೂ ಬಡಿದ ಮೇಲೇ ಅದಕ್ಕೆ ಮಾತು. ನಾವು ಮಳೆಯ ಸದ್ದು ಅನ್ನುವುದೆಲ್ಲ ಹೆಂಚಿನ ಸದ್ದು, ಎಲೆಯ ಸದ್ದು, ಅಂಗಳದ ಸದ್ದು. ನಾನು ತೀರ್ಥಹಳ್ಳಿ ಕಡೆಯವಳು. ನಮ್ಮ ಮನೆಯಲ್ಲಿ ಬಾಳೆ ಎಲೆ ಮೇಲೆ ಪಟಪಟ, ಹೆಂಚಿನ ಮೇಲೆ ಚಟಚಟ, ಕೊಟ್ಟಿಗೆಯ ಸೋಗೆ ಮಾಡಿನ ಮೇಲೆ ಸೊರಸೊರ. ಕಣ್ಣು ಮುಚ್ಚಿ ಕೂತರೂ ಮಳೆ ಎಲ್ಲಿಗೆ ಬಂತು ಅಂತ ಹೇಳಬಹುದಿತ್ತು. ಮೊದಲು ಗುಡ್ಡದ ಕಾಡಿನಿಂದ ಹೋ ಅನ್ನುವ ಸದ್ದು. ಆಮೇಲೆ ತೋಟ. ಆಮೇಲೆ ಕೊಟ್ಟಿಗೆ. "ಮಳೆ ಗುಡ್ಡ ಇಳೀತು" ಅಂತ ಕೂಗಿ ಅಮ್ಮ ಅಂಗಳದ ಹಪ್ಪಳ ಎತ್ತಲು ಓಡುತ್ತಿದ್ದಳು. ನಮ್ಮ ಹೆಂಚಿಗೆ ಮೊದಲ ಹನಿ ಬೀಳುವುದರೊಳಗೆ ಹಪ್ಪಳ ಜಗಲಿಯಲ್ಲಿ ಇರುತ್ತಿತ್ತು.

1983ರಲ್ಲಿ ಮದುವೆಯಾಗಿ ಮುಂಬೈಯ ಭಾಂಡೂಪ್‌ಗೆ ಬಂದೆ. ಚಾಳಿನ ಒಂದು ಕೋಣೆ, ಮೇಲೆ ಸಿಮೆಂಟ್ ಪತ್ರಾ, ಅಂದರೆ ಶೀಟು. ಮೊದಲ ಮಳೆಯ ರಾತ್ರಿ ಹೆದರಿ ಎದ್ದು ಕೂತೆ. ಯಾರೋ ತಲೆ ಮೇಲೆ ಜಲ್ಲಿ ಸುರಿದ ಹಾಗಿತ್ತು. ಊರಲ್ಲಿ ಅಷ್ಟು ಮಳೆ ಕಂಡವಳಿಗೆ ಆ ಸದ್ದಿಗೆ ಒಂದು ಪದ ಸಿಗಲಿಲ್ಲ. ಪಕ್ಕದ ಕೋಣೆಯ ಬೆಳಗಾವಿ ಕಡೆಯ ಅಜ್ಜಿ ಬೆಳಿಗ್ಗೆ ನೀರಿನ ಸಾಲಿನಲ್ಲಿ ನಿಂತಾಗ "ರಾತ್ರಿ ಮಳಿ ಹೆಂಗ ಧಡಧಡ ಅಂತಿತ್ತಲ್ಲ" ಅಂದರು. ಆಗ ಸಮಾಧಾನವಾಯಿತು. ಹೆಸರು ಸಿಕ್ಕ ಮೇಲೆ ಆ ಸದ್ದಿಗೆ ನಿದ್ದೆಯೂ ಬರತೊಡಗಿತು.

ಆ ಟೀಚರ್ ಮೇಲೆ ಸಿಟ್ಟು ಬೇಡ. ನಾನೂ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ 27 ವರ್ಷ ಪಾಠ ಹೇಳಿದವಳು. ಇದೇ ತಪ್ಪು ಮಾಡಿದ್ದೇನೆ. ನಾಲ್ಕನೇ ತರಗತಿಯ ಒಬ್ಬ ಹುಡುಗ. ಅಪ್ಪ ಅಮ್ಮ ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. "ಮಳಿ ಪಡಪಡ ಬಡೀತದ" ಅಂತ ಬರೆದಿದ್ದ. ನಾನು ಕೆಂಪು ಮಸಿಯಲ್ಲಿ "ಮಳೆ ಪಟಪಟ ಬೀಳುತ್ತದೆ" ಅಂತ ತಿದ್ದಿದೆ. ಒಂದು ವಾರ ಕಳೆದು ಅವನಿಗೆ ಜ್ವರ ಬಂತು. ನೋಡಲು ಹೋದೆ. ನಾಲ್ಕು ಬಿದಿರು ಗಳ, ಮೇಲೆ ನೀಲಿ ತಾಡಪತ್ರಿ. ನಾನು ಒಳಗೆ ಕೂತಾಗಲೇ ಮಳೆ ಬಂತು. ಬಿಗಿದು ಕಟ್ಟಿದ ಪ್ಲಾಸ್ಟಿಕ್, ಗಾಳಿಗೆ ಏಳುತ್ತಿತ್ತು, ಹನಿಗೆ ಇಳಿಯುತ್ತಿತ್ತು. ಹಲಗೆ ಬಡಿದ ಹಾಗೆ ಪಡ, ಪಡ, ಪಡ. ನಡುವೆ ನೀರು ನಿಂತು ಹೊಟ್ಟೆ ಬಿಟ್ಟಾಗ ಅವನ ಅಪ್ಪ ಒಳಗಿನಿಂದ ಕೋಲಿನಲ್ಲಿ ಎತ್ತಿದ. ದಬಾರ್ ಅಂತ ಹೊರಗೆ ಸುರಿಯಿತು. ಅಲ್ಲಿ ಮಳೆ ಬೀಳುತ್ತಿರಲಿಲ್ಲ, ಬಡಿಯುತ್ತಲೇ ಇತ್ತು. ಅವನ ವಾಕ್ಯದಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಮರುದಿನ ಆ ಪುಸ್ತಕ ತೆಗೆದು ನನ್ನ ಕೆಂಪು ಗೆರೆಯ ಮೇಲೆ ನಾನೇ ಗೆರೆ ಎಳೆದೆ.

ವ್ಯಾಕರಣವೂ ನಿಮ್ಮ ಮಗಳ ಕಡೆಗೇ ಇದೆ. ಇಂಥ ಪದಗಳಿಗೆ ಅನುಕರಣಾವ್ಯಯ ಅಂತ ಹೆಸರು. ಕೇಳಿದ ಸದ್ದನ್ನು ಕೇಳಿದ ಹಾಗೇ ಮತ್ತೆ ಹೇಳುವುದು. "ಬೇಗಬೇಗ" ಅಂದಾಗ ಒಂದು ಬೇಗಕ್ಕೂ ಅರ್ಥ ಇದೆ, ಅದು ದ್ವಿರುಕ್ತಿ. "ಧಗಧಗ" ಅಂದಾಗ ಒಂದೇ ಧಗಕ್ಕೆ ಅರ್ಥ ಇಲ್ಲ, ಎರಡೂ ಸೇರಿದರೆ ಮಾತ್ರ ಬೆಂಕಿ ಕಾಣುತ್ತದೆ. ಇವುಗಳನ್ನು ಮೊದಲು ಮಾಡಿದ್ದು ಕಿವಿ. ಹೊಸ ಸದ್ದು ಬಂದರೆ ಹೊಸ ಪದ ಮಾಡಲು ಅದೇ ಕಿವಿಗೆ ಹಕ್ಕಿದೆ.

ಪ್ರಶ್ನೆ: ತುಂತುರು, ಸೋನೆ, ಜಿಟಿಜಿಟಿ, ಜಡಿಮಳೆ. ಎಲ್ಲ ಒಂದೇನಾ, ಬೇರೆ ಬೇರೆಯಾ? ಹುಟ್ಟಿ ಬೆಳೆದದ್ದು ಠಾಣೆಯಲ್ಲಿ. ಮನೆಯಲ್ಲಿ ಕನ್ನಡ ಮಾತಾಡುತ್ತೇವೆ. ಆದರೆ ಮಳೆ ಅಂದರೆ ನಮಗೆ ಜೋರು ಮಳೆ, ಸಣ್ಣ ಮಳೆ, ಎರಡೇ. (ಠಾಣೆಯ ಇಂಜಿನಿಯರ್)

ಉತ್ತರ: ಬೇರೆ ಬೇರೆ. ಲೋಕಲ್ ಟ್ರೇನಿನಲ್ಲೇ ಎಲ್ಲವನ್ನೂ ತೋರಿಸಬಹುದು.

ನೀವು ಬಾಗಿಲ ಬಳಿ ನಿಂತಿದ್ದೀರಿ. ಮುಖಕ್ಕೆ ತಣ್ಣಗೆ ಏನೋ ತಾಗುತ್ತದೆ, ಕನ್ನಡಕ ಮಬ್ಬಾಗುತ್ತದೆ, ಆದರೆ ಸದ್ದಿಲ್ಲ. ಅದು ತುಂತುರು. ಹನಿ ಕೂದಲ ಮೇಲೆ ಕೂರುತ್ತದೆ, ತಕ್ಷಣ ಒದ್ದೆ ಮಾಡುವುದಿಲ್ಲ. ಸೋನೆಯೂ ಸಣ್ಣ ಹನಿಯದೇ. ಆದರೆ ಬಿಡುವುದಿಲ್ಲ. ನೀವು ಬೆಳಿಗ್ಗೆ ಹತ್ತಿದಾಗಲೂ ಇತ್ತು, ಸಂಜೆ ಇಳಿದಾಗಲೂ ಇದೆ. ತುಂತುರಿನಲ್ಲಿ ಹನಿಯ ಗಾತ್ರ ಮುಖ್ಯ, ಸೋನೆಯಲ್ಲಿ ಹೊತ್ತು ಮುಖ್ಯ. ಅದೇ ಸೋನೆಗೆ ಸ್ಟೇಷನ್ ಹೊರಗಿನ ಕೆಸರು, ಒಣಗದ ಬಟ್ಟೆ, ಒದ್ದೆ ಕಾಲುಚೀಲ ಸೇರಿದರೆ ಜಿಟಿಜಿಟಿ. ಆ ಪದದಲ್ಲಿ ಮಳೆಯೂ ಇದೆ, ಅದನ್ನು ಸಹಿಸುವವನ ಬೇಸರವೂ ಇದೆ. "ಏನಪ್ಪಾ ಈ ಜಿಟಿಜಿಟಿ" ಅಂತ ಯಾರಾದರೂ ಖುಷಿಯಿಂದ ಹೇಳಿದ್ದನ್ನು ನಾನು ಕೇಳಿಲ್ಲ.

ಜಡಿಮಳೆ ಇನ್ನೊಂದು ಜಾತಿ. ಜೋರೂ ಹೌದು, ದಿನಗಟ್ಟಲೆ ಹೌದು. ನಮ್ಮೂರಲ್ಲಿ "ಜಡಿ ಹಿಡಿಯಿತು" ಅಂದರೆ ಒಲೆಯ ಮೇಲಿನ ಅಟ್ಟದಲ್ಲಿ ಬಟ್ಟೆ ಒಣಗಿಸುವ ಕಾಲ ಬಂತು ಅಂತ ಅರ್ಥ. ಗಾಳಿಗೆ ಓರೆಯಾಗಿ ಒಳಗೆ ನುಗ್ಗುವ ನೀರು ಇರಚಲು. ಟ್ರೇನಿನಲ್ಲಿ ಕಿಟಕಿ ಪಕ್ಕ ಕೂತವರು ಎದ್ದು ಶಟರ್ ಇಳಿಸುವುದು ಇರಚಲಿಗೆ. ಇನ್ನೂ ಒಂದು ಪದ ನಿಮಗೆ ಕೊಡಬೇಕು ಅನ್ನಿಸುತ್ತಿದೆ: ಹೊಳವು. ಎರಡು ಮಳೆಯ ನಡುವೆ ಆಕಾಶ ಸ್ವಲ್ಪ ಬೆಳ್ಳಗಾಗಿ ಬಿಡುವು ಸಿಗುತ್ತದಲ್ಲ, ಅದು. "ಹೊಳವಾಯ್ತು, ಈಗ್ಲೇ ಹೊರಡು" ಅಂತ ಮಲೆನಾಡಿನಲ್ಲಿ ಹೇಳುತ್ತಾರೆ. ಮುಂಬೈ ಮಳೆಯಲ್ಲಿ ಬದುಕುವವರಿಗೆ ಇದಕ್ಕಿಂತ ಬೇಕಾದ ಪದ ಇಲ್ಲ.

ನೀವು ಇಂಜಿನಿಯರ್, ಆದ್ದರಿಂದ ಲೆಕ್ಕವನ್ನೂ ಹೇಳುತ್ತೇನೆ. ತುಂತುರಿನ ಹನಿ ಅರ್ಧ ಮಿಲಿಮೀಟರ್‌ಗಿಂತ ಸಣ್ಣದು. ಸೆಕೆಂಡಿಗೆ ಸುಮಾರು 2 ಮೀಟರ್ ವೇಗದಲ್ಲಿ, ಅದಕ್ಕೂ ನಿಧಾನವಾಗಿ ಇಳಿಯುತ್ತದೆ. ಬಿರುಮಳೆಯ 5 ಮಿಲಿಮೀಟರ್ ಹನಿ ಸುಮಾರು 9 ಮೀಟರ್ ವೇಗದಲ್ಲಿ ಬರುತ್ತದೆ. ಅಡ್ಡಳತೆ ಹತ್ತು ಪಟ್ಟು ಅಂದರೆ ತೂಕ ಸಾವಿರ ಪಟ್ಟು. ಸಾವಿರ ಪಟ್ಟು ಭಾರ, ನಾಲ್ಕು ಪಟ್ಟಿಗಿಂತ ಜಾಸ್ತಿ ವೇಗ. ಒಂದಕ್ಕೆ ಸದ್ದೇ ಇಲ್ಲ, ಇನ್ನೊಂದು ಬೆನ್ನಿಗೆ ಚುರ್ ಅನ್ನಿಸುತ್ತದೆ. ಆಶ್ಚರ್ಯ ಇಲ್ಲ ಅಲ್ವಾ?

ಈ ಲೆಕ್ಕ ಯಾರೂ ಹೇಳದೆ ನಮ್ಮ ಬಾಯಿಗೆ ಗೊತ್ತಿತ್ತು. ಜೋರಾಗಿ ಹೇಳಿ ನೋಡಿ: ಪಿಟಿಪಿಟಿ, ಪಟಪಟ, ದಬದಬ, ಧೋ. ಪಿಟಿಪಿಟಿ ಅನ್ನುವಾಗ ತುಟಿ ಹಲ್ಲು ಹತ್ತಿರ, ಬಾಯಿ ಸ್ವಲ್ಪವೇ ತೆರೆಯುತ್ತದೆ. ಪಟಪಟಕ್ಕೆ ದವಡೆ ಬೀಳುತ್ತದೆ. ದಬದಬಕ್ಕೆ ಎದೆಯಿಂದ ದನಿ ಬರುತ್ತದೆ. ಧೋ ಅನ್ನುವಾಗ ಬಾಯಿ ದುಂಡಗಾಗಿ ಉಸಿರೆಲ್ಲ ಹೊರಗೆ. ಸಣ್ಣ ಮಳೆಗೆ ಇಕಾರ, ದೊಡ್ಡ ಮಳೆಗೆ ಓಕಾರ. ಮನೆಯಲ್ಲಿ ಎಲ್ಲರೂ ಕೂತು ಒಮ್ಮೆ ಹೇಳಿ. ಮಕ್ಕಳು ಒಂದೇ ಸಲಕ್ಕೆ ಹಿಡಿದುಕೊಳ್ಳುತ್ತವೆ.

ಪ್ರಶ್ನೆ: "ಧೋ ಧೋ ಪಾವುಸ್" ಅಂತ ನಮ್ಮ ಮರಾಠಿ ನೆರೆಯವರು ಹೇಳುತ್ತಾರೆ. ನಾವೂ "ಧೋ ಅಂತ ಮಳೆ" ಅಂತೇವೆ. ಧೋ ಮರಾಠಿಯದಾ, ಕನ್ನಡದ್ದಾ? (ವಾಶಿಯ ಗೃಹಿಣಿ)

ಉತ್ತರ: ಎರಡರದ್ದೂ. ಇದರಲ್ಲಿ ಸಾಲ ಕೊಟ್ಟವರು, ತೆಗೆದುಕೊಂಡವರು ಅಂತ ಹುಡುಕುವುದು ಬೇಡ. ಸಹ್ಯಾದ್ರಿಯ ಈ ಕಡೆಗೂ ಆ ಕಡೆಗೂ ಸುರಿದದ್ದು ಒಂದೇ ಮಳೆ. ನಮ್ಮ ಅಚ್ಚಗನ್ನಡ ಪದಗಳಲ್ಲಿ ಮಹಾಪ್ರಾಣ ತುಂಬ ಕಡಿಮೆ. ಆದರೆ ಸದ್ದಿನ ಪದಗಳಿಗೆ ಬಂದರೆ ಧೋ, ಭೋರ್, ಧಡಧಡ, ಝಳಝಳ ಅಂತ ಧಾರಾಳವಾಗಿ ಬಳಸುತ್ತೇವೆ. ಸದ್ದಿಗೆ ಬೇಕಾದಷ್ಟು ಉಸಿರನ್ನು ಕನ್ನಡ ಯಾವತ್ತೂ ಕೊಟ್ಟಿದೆ.

ನೆರೆಯವರ ಹತ್ತಿರ ಇನ್ನೂ ಕೆಲವು ಪದ ಕೇಳಿ. ರಿಪ್‌ರಿಪ್, ಪಿರ್‌ಪಿರ್, ಇವೆಲ್ಲ ಅವರಲ್ಲಿ ಬಿಡದೆ ಬೀಳುವ ಸಣ್ಣ ಮಳೆಗೆ. ಪಿರ್‌ಪಿರ್ ಅಂದರೆ ಮಗು ಹಟ ಹಿಡಿದು ಗೊಣಗುವುದಕ್ಕೂ ಆಗುತ್ತದೆ. ನಾವೂ "ಸುಮ್ನೆ ಪಿರಿಪಿರಿ ಮಾಡ್ಬೇಡ" ಅನ್ನುವುದಿಲ್ಲವಾ? ಎರಡು ಭಾಷೆಯ ತಾಯಂದಿರಿಗೂ ಆ ಮಳೆ, ಆ ಮಗು ಒಂದೇ ಥರ ಕೇಳಿಸಿದೆ. ಪಾಗೋಳ್ಯಾ ಅಂತ ಒಂದು ಪದ ಇದೆ, ಮಾಡಿನ ಅಂಚಿನಿಂದ ಸಾಲಾಗಿ ಇಳಿಯುವ ನೀರಿಗೆ. ನಮ್ಮ ಸೂರುನೀರು. ಪಾಗೋಳ್ಯಾ ಅಂದಾಗ ಹನಿ ಹನಿಯಾಗಿ ಮಣಿಸರ ಕಾಣುತ್ತದೆ, ಸೂರುನೀರು ಅಂದಾಗ ಧಾರೆ ಕಾಣುತ್ತದೆ. ಎರಡೂ ಇಟ್ಟುಕೊಳ್ಳಿ.

ವಾರ್ತೆಯಲ್ಲಿ ಬರುವ ಮುಸಲಧಾರೆ ಸಂಸ್ಕೃತದ್ದು. ಮುಸಲ ಅಂದರೆ ಒನಕೆ. ಒನಕೆ ಗಾತ್ರದ ಧಾರೆ. ಚೆನ್ನಾದ ಚಿತ್ರವೇ. ಆದರೆ ಒನಕೆ ನೋಡದ ಮಕ್ಕಳಿಗೆ ಅದು ಬರೀ ವಾರ್ತೆಯ ಪದ. ಧೋ ಅಂದರೆ ಅವರಿಗೂ ಕಿವಿ ತುಂಬುತ್ತದೆ.

ಪ್ರಶ್ನೆ: ನಮ್ಮ ಅತ್ತೆ ಬಾಗಲಕೋಟೆ ಕಡೆಯವರು. "ನಮ್ಮ ಕಡಿ ಮಳಿಗೆ ಇಷ್ಟ ಹೆಸರ ಇಲ್ಲವಾ, ಮಳೀನ ಇಲ್ಲ, ಹೆಸರ ಎಲ್ಲಿಂದ ಬರ್ಬೇಕು" ಅಂತಾರೆ. ಬಯಲುಸೀಮೆಯಲ್ಲಿ ನಿಜವಾಗಿ ಮಳೆ ಪದಗಳು ಕಡಿಮೆಯಾ? (ಪುಣೆಯ ಓದುಗರು)

ಉತ್ತರ: ಅತ್ತೆಯವರ ಮಾತನ್ನು ಗೌರವದಿಂದಲೇ ಒಪ್ಪುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಬಾಗಲಕೋಟೆಯಲ್ಲಿ 600ರ ಆಸುಪಾಸು. ನಮಗೆ ಮಳೆ ಹೇಗೆ ಬಂತು ಅನ್ನುವುದಕ್ಕೆ ಪದ ಬೇಕಿತ್ತು. ಅವರಿಗೆ ಯಾವಾಗ ಬಂತು, ಎಷ್ಟು ನೆಲ ನೆನೆಯಿತು ಅನ್ನುವುದಕ್ಕೆ. ಅವರ ಪದಗಳು ಅಲ್ಲಿವೆ. ಅತ್ತೆಯವರು "ಈ ಸಲ ಮಳಿ ಛಲೋ ಆಗ್ಯಾವ" ಅನ್ನುತ್ತಾರಲ್ಲ, ಅದನ್ನು ಗಮನಿಸಿ. ಮಳೆ ಅಲ್ಲಿ ಬಹುವಚನ. ರೋಹಿಣಿ ಒಂದು, ಮಿರಗ ಒಂದು, ಆರಿದ್ರಿ ಒಂದು. ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆ, ಒಂದೊಂದಕ್ಕೂ ಒಂದೊಂದು ಗುಣ. "ರೋಹಿಣಿ ಮಳಿ ಆದ್ರ ಓಣಿಯೆಲ್ಲಾ ಜೋಳ." "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು." ಮಳೆಯನ್ನು ಮನೆಯವರ ಹಾಗೆ ಹೆಸರು ಹಿಡಿದು ಕರೆಯುವವರಿಗೆ ಪದ ಕಡಿಮೆ ಅನ್ನಲು ಆಗುತ್ತದಾ? ಅವರನ್ನು ಕೂರಿಸಿಕೊಂಡು ಎಲ್ಲ ಮಳೆಗಳ ಗಾದೆ ಬರೆದಿಟ್ಟುಕೊಳ್ಳಿ. ಈ ವರ್ಷವೇ ಮಾಡಿ.

ಪ್ರಶ್ನೆ: ನಮ್ಮದು ಮೇಲಿನ ಮಹಡಿ. ಕಟ್ಟಿಸಿದವರು ಟೆರೇಸಿಗೆ ಏನು ಬಳಿದರೋ, ಮೂರನೇ ವರ್ಷಕ್ಕೇ ಸೋರಲು ಸುರುವಾಯಿತು. ಹಾಲ್‌ನಲ್ಲಿ ಬಕೆಟ್ ಇಟ್ಟಿದ್ದೇವೆ. ರಾತ್ರಿಯಿಡೀ ಆ ತೊಟಕ್ ತೊಟಕ್. ನನಗೆ ನಿದ್ದೆ ಇಲ್ಲ. ಇದು ನಿಮ್ಮ ಅಂಕಣದ ಪ್ರಶ್ನೆ ಹೌದೋ ಅಲ್ಲವೋ ಗೊತ್ತಿಲ್ಲ. (ಘಾಟ್ಕೋಪರ್‌ನ ನಿವೃತ್ತರು)

ಉತ್ತರ: ಖಂಡಿತ ನನ್ನ ಅಂಕಣದ ಪ್ರಶ್ನೆ. ನೀವು ತೊಟಕ್ ಅಂತ ಬರೆದಿದ್ದೀರಿ. ಅದರಿಂದಲೇ ಬಕೆಟ್‌ನಲ್ಲಿ ಆಗಲೇ ಸ್ವಲ್ಪ ನೀರು ಇತ್ತು ಅಂತ ನನಗೆ ಗೊತ್ತಾಯಿತು. ಖಾಲಿ ಪ್ಲಾಸ್ಟಿಕ್ ಬಕೆಟ್‌ಗೆ ಹನಿ ಬಿದ್ದರೆ ಟಪ್. ತಳ ಮುಚ್ಚುವಷ್ಟು ನೀರಾದರೆ ಟಪಕ್. ಕಾಲು ಬಕೆಟ್ ಆದ ಮೇಲೆ ತೊಟಕ್. ತುಂಬುತ್ತಾ ಬಂದಾಗ ಬುಳುಕ್. ಕೊನೆಗೆ ಬರುವ ಆ "ಕ್" ಯಾಕೆ ಬಂತು ಅಂತ ನಾನು ಬಹಳ ವರ್ಷ ಯೋಚಿಸಿದ್ದೆ.

ಉತ್ತರ ಸಿಕ್ಕಿದ್ದು 2018ರಲ್ಲಿ. ಕೇಂಬ್ರಿಜ್ ವಿಶ್ವವಿದ್ಯಾಲಯದ ಅನುರಾಗ್ ಅಗರ್ವಾಲ್ ಅನ್ನುವವರು ಬ್ರೆಜಿಲ್‌ನಲ್ಲಿ ಸ್ನೇಹಿತರ ಮನೆಯಲ್ಲಿ ಉಳಿದಿದ್ದಾಗ ಅಲ್ಲಿಯ ಮಾಡು ಸೋರುತ್ತಿತ್ತು. ಬಕೆಟ್‌ಗೆ ಬೀಳುವ ಹನಿ ನಿಮ್ಮನ್ನು ಕಾಡಿದ ಹಾಗೇ ಅವರನ್ನೂ ಕಾಡಿತು. ಊರಿಗೆ ಮರಳಿ ತಮ್ಮವರ ಜೊತೆ ಸೇರಿ ಪರೀಕ್ಷೆ ಮಾಡಿದರು. ಅತಿ ವೇಗದ ಕ್ಯಾಮೆರಾ ಇಟ್ಟರು, ನೀರಿನ ಮೇಲೂ ಕೆಳಗೂ ಮೈಕ್ ಇಟ್ಟರು. ಹನಿ ನೀರಿಗೆ ಬಡಿದಾಗ ಆಗುವ ಸದ್ದು ನಮಗೆ ಕೇಳುವಷ್ಟು ದೊಡ್ಡದಲ್ಲ. ಹನಿ ಬಿದ್ದ ಜಾಗದಲ್ಲಿ ನೀರಿನಲ್ಲಿ ಒಂದು ಗುಳಿ ಬೀಳುತ್ತದೆ. ಗುಳಿ ಮುಚ್ಚಿಕೊಳ್ಳುವಾಗ ಅದರ ತಳದಲ್ಲಿ ಒಂದು ಪುಟ್ಟ ಗಾಳಿಗುಳ್ಳೆ ಸಿಕ್ಕಿಬೀಳುತ್ತದೆ. ಆ ಗುಳ್ಳೆ ಹಿಗ್ಗಿ ಕುಗ್ಗಿ ನಡುಗುತ್ತದೆ. ಅದರ ನಡುಕಕ್ಕೆ ಮೇಲಿನ ನೀರೂ ಅದುರಿ ಸದ್ದನ್ನು ಗಾಳಿಗೆ ಕೊಡುತ್ತದೆ. ಅಂದರೆ ನಮಗೆ ಕೇಳುವ ತೊಟಕ್, ಅದರ ಕೊನೆಯ "ಕ್" ಕೂಡ, ಆ ಗುಳ್ಳೆಯದ್ದೇ ಅಂತ ನಾನು ತಿಳಿದುಕೊಂಡಿದ್ದೇನೆ. ಖಾಲಿ ಬಕೆಟ್‌ನಲ್ಲಿ ಗುಳ್ಳೆ ಇಲ್ಲ, ಆದ್ದರಿಂದ ಬರೀ ಟಪ್.

ಅವರೇ ಒಂದು ಉಪಾಯವನ್ನೂ ಹೇಳಿದ್ದಾರೆ. ಬಕೆಟ್ ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಸೋಪು ಹಾಕಿ. ನೀರಿನ ಮೇಲ್ಮೈಯ ಬಿಗಿ ಸಡಿಲವಾಗುತ್ತದೆ, ಗುಳ್ಳೆ ಸಿಕ್ಕಿಬೀಳುವುದಿಲ್ಲ, ಸದ್ದು ನಿಲ್ಲುತ್ತದೆ. ನಾನು ಮನೆಯಲ್ಲಿ ನಲ್ಲಿ ಕೆಳಗೆ ಬಕೆಟ್ ಇಟ್ಟು ಮಾಡಿ ನೋಡಿದೆ. ನಿಜ. ನಮ್ಮಮ್ಮನ ಉಪಾಯ ಬೇರೆ ಇತ್ತು. ಹೆಂಚು ಒಡೆದು ಸೋರುವ ಜಾಗಕ್ಕೆ ತೆಂಗಿನ ಹುರಿಯ ಒಂದು ತುದಿ ಕಟ್ಟಿ, ಇನ್ನೊಂದು ತುದಿಯನ್ನು ಚರಿಗೆಯೊಳಗೆ ಬಿಡುತ್ತಿದ್ದಳು. ನೀರು ಹುರಿ ಹಿಡಿದುಕೊಂಡು ಸದ್ದಿಲ್ಲದೆ ಇಳಿಯುತ್ತಿತ್ತು. ಕತ್ತಲಲ್ಲಿ ಕೈಯಿಟ್ಟರೆ ಹುರಿ ತಣ್ಣಗೆ, ಜೀವ ಇದ್ದ ಹಾಗೆ ಇರುತ್ತಿತ್ತು. ಎರಡರಲ್ಲಿ ಯಾವುದಾದರೂ ಮಾಡಿ, ಇವತ್ತು ರಾತ್ರಿ ನಿದ್ದೆ ಮಾಡಿ. ಟೆರೇಸನ್ನು ಮಳೆ ಕಳೆದ ಕೂಡಲೇ ಸರಿಮಾಡಿಸಿ.

ಪ್ರಶ್ನೆ: 2005ರ ಜುಲೈ 26ರ ಮಳೆಗೆ ಕನ್ನಡದಲ್ಲಿ ಏನು ಹೇಳಬೇಕು? ಕುಂಭದ್ರೋಣ ಅಂದರೂ ಸಾಲದು ಅನ್ನಿಸುತ್ತದೆ. (ಗೋರೆಗಾಂವ್‌ನ ಓದುಗರು)

ಉತ್ತರ: ನಾವು ಮುಂಬೈ ಕನ್ನಡಿಗರು ಅದಕ್ಕೆ "ಆ ಮಳೆ" ಅಂತಲೇ ಹೇಳುತ್ತೇವೆ. ಅದೇ ಸರಿ ಅಂತ ನನಗೂ ಅನ್ನಿಸುತ್ತದೆ.

ಆ ಮಂಗಳವಾರ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆಯಾಯಿತು. ಅದೇ ಹೊತ್ತಿಗೆ ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ಬಿದ್ದದ್ದು ಬರೀ 73 ಮಿಲಿಮೀಟರ್. ಅದರ ಪಕ್ಕದ ಕೋಟೆ (ಫೋರ್ಟ್) ಕಡೆ ಆಫೀಸಿನಲ್ಲಿದ್ದ ನಮ್ಮವರಿಗೆ ಅದು ಮಾಮೂಲಿ ಮಳೆಗಾಲದ ದಿನ. ನಾನು ಶಾಲೆಯಲ್ಲಿದ್ದೆ. ಮಧ್ಯಾಹ್ನ ಎರಡರ ಮೇಲೆ ಆಕಾಶ ಕಪ್ಪಾಯಿತು. ಮಕ್ಕಳನ್ನು ಕರೆದೊಯ್ಯಲು ಬಂದವರು ಬಂದರು, ಬರಲಾಗದವರು ಬರಲಿಲ್ಲ. ಹತ್ತೊಂಬತ್ತು ಮಕ್ಕಳು ಉಳಿದರು. ಎಲ್ಲರನ್ನೂ ಮೊದಲ ಮಹಡಿಗೆ ಹತ್ತಿಸಿದೆವು.

ಸಂಜೆಯವರೆಗೆ ಸದ್ದೇ ಸದ್ದು. ಎಷ್ಟು ಅಂದರೆ, ಪಕ್ಕದಲ್ಲಿ ನಿಂತ ಸಹೋದ್ಯೋಗಿಯ ಮಾತು ಕೇಳದೆ ಕಪ್ಪುಹಲಗೆಯ ಮೇಲೆ ಬರೆದು ಮಾತಾಡಿದೆವು. ಆ ಸದ್ದಿನಲ್ಲಿ ಪಟಪಟ ಇಲ್ಲ, ಧೋ ಇಲ್ಲ. ಹನಿ ಬೇರೆ ಬೇರೆ ಕೇಳಿದರೆ ತಾನೇ ಪದ? ಅಲ್ಲಿ ಎಲ್ಲ ಕೂಡಿ ಒಂದೇ ಗೋಡೆಯಾಗಿತ್ತು. ಕರೆಂಟ್ ಹೋಯಿತು. ರಾತ್ರಿ ಯಾವುದೋ ಹೊತ್ತಿಗೆ ಮಳೆ ಸ್ವಲ್ಪ ಇಳಿಯಿತು. ಆಗ ಕೆಳಗಿನಿಂದ ಇನ್ನೊಂದು ಸದ್ದು ಕೇಳಿತು. ನೀರು ಮೆಟ್ಟಿಲು ಹತ್ತುವ ಸದ್ದು. ಗುಟುಕ್, ಗುಟುಕ್. ಎರಡನೇ ತರಗತಿಯ ಒಂದು ಹುಡುಗಿ ನನ್ನ ಸೆರಗು ಹಿಡಿದುಕೊಂಡು, "ಟೀಚರ್, ಮಳೆ ನಮ್ಮ ಶಾಲೆ ಕುಡೀತಾ ಇದೆ" ಅಂದಳು. ಎಂಟನೇ ಮೆಟ್ಟಿಲಿಗೆ ನೀರು ನಿಂತಿತು. ಮೊಂಬತ್ತಿ ಹಿಡಿದು ನಾನು ರಾತ್ರಿಯಿಡೀ ಆ ಮೆಟ್ಟಿಲು ಎಣಿಸಿದ್ದೇನೆ. ಮರುದಿನ ಹತ್ತೊಂಬತ್ತು ಮಕ್ಕಳೂ ಮನೆ ಸೇರಿದರು. ಆ ಮಳೆಯಲ್ಲಿ ನೂರಾರು ಜನ ಹೋದರು. ಅದಕ್ಕೆ ನಾನು ಚಂದದ ಪದ ಹುಡುಕುವುದಿಲ್ಲ.

ಪ್ರಶ್ನೆ: ಮಳೆ ನಿಂತ ಮೇಲೆ ಮರದಿಂದ ಬೀಳುವ ಹನಿಯ ಸದ್ದಿಗೆ ಹೆಸರಿದೆಯೇ? ದಿನಾ ಸಂಜೆ ಫೈವ್ ಗಾರ್ಡನ್ಸ್ ಕಡೆ ತಿರುಗಾಡಲು ಹೋಗುತ್ತೇನೆ. ಮಳೆ ಇಲ್ಲದಿದ್ದರೂ ಕೊಡೆ ಮೇಲೆ ಸದ್ದು. ಮಳೆಯದ್ದಕ್ಕಿಂತ ಅದೇ ದೊಡ್ಡದಾಗಿ ಕೇಳುತ್ತದೆ. ವಯಸ್ಸಾದ ಕಿವಿಯ ಭ್ರಮೆಯೋ? (ಮಾಟುಂಗಾದ ಹಿರಿಯರು, 81 ವರ್ಷ)

ಉತ್ತರ: ಭ್ರಮೆ ಅಲ್ಲ, ನಿಮ್ಮ ಕಿವಿ ಚೆನ್ನಾಗಿದೆ. ಎಲೆಯ ಮೇಲೆ ಬಿದ್ದ ಸಣ್ಣ ಹನಿಗಳು ಜಾರಿ ಎಲೆಯ ತುದಿಗೆ ಬಂದು ಒಂದಾಗುತ್ತವೆ. ಎಲೆ ತಡೆಯಲಾರದಷ್ಟು ದಪ್ಪವಾದ ಮೇಲೆ ಕಳಚಿ ಬೀಳುತ್ತವೆ. ಸಾಮಾನ್ಯ ಮಳೆಹನಿಗಿಂತ ಮರದ ಹನಿ ದಪ್ಪ. ಹೊರಗೆ ಸದ್ದಿಲ್ಲದ ಸೋನೆ ಇದ್ದರೂ ಮರದ ಕೆಳಗೆ ತೊಪ್ ತೊಪ್ ಕೇಳುವುದು ಇದಕ್ಕೇ. ಮೂಕ ಮಳೆಗೂ ಮರ ಮಾತು ಕೊಡುತ್ತದೆ.

"ಮಳೆ ನಿಂತರೂ ಮರದ ಹನಿ ನಿಲ್ಲದು" ಅಂತ ನಮ್ಮಲ್ಲಿ ಗಾದೆಯೇ ಇದೆ. ಮುಗಿಯಿತು ಅಂದುಕೊಂಡ ಸಂಗತಿ ಮುಗಿಯದೆ ಎಳೆದಾಡುವಾಗ ಹೇಳುತ್ತೇವೆ. ಹೆಸರು ಬೇಕಾದರೆ ಮರದ ಹನಿ ಅನ್ನಿ, ಸಾಕು. ಸದ್ದಿಗೆ ಪದ ನೀವೇ ಕೊಡಬೇಕು. ನಿಮ್ಮ ಕೊಡೆ ಬಟ್ಟೆಯದೋ, ಪ್ಲಾಸ್ಟಿಕ್‌ನದೋ, ನನಗೆ ಗೊತ್ತಿಲ್ಲವಲ್ಲ. ಮೊಮ್ಮಕ್ಕಳು ಇದ್ದರೆ ಒಂದು ಸಂಜೆ ಕರೆದುಕೊಂಡು ಹೋಗಿ, ಒಂದೇ ಕೊಡೆಯಡಿ ನಿಂತು ಕೇಳಿ, ಅವರು ಏನಂತಾರೆ ಅಂತ ನನಗೆ ಬರೆದು ತಿಳಿಸಿ.

ನಮ್ಮ ಕಟ್ಟಡದ ಕೆಳಗೆ ಒಂದು ಕಾಡುಬಾದಾಮಿ ಮರ ಇದೆ. ಅದರಡಿಯಲ್ಲಿ ಯಾರೋ ಸ್ಕೂಟರ್ ನಿಲ್ಲಿಸಿ ಸೀಟಿಗೆ ಪ್ಲಾಸ್ಟಿಕ್ ಚೀಲ ಕಟ್ಟಿದ್ದಾರೆ. ಈಗ ಐದು ನಿಮಿಷದಿಂದ ಹೊಳವಾಗಿದೆ. ಆರನೇ ಮಹಡಿಗೂ ಕೇಳುತ್ತಿದೆ: ಡಬ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ, ಡಬ್.